ಹತ್ತೊಂಬತ್ತನೇ ಕಿವಿ

ಫೋನೆತ್ತಿದ ಹೆಂಗಸು, "ಅಂಥೋರು ಯಾರೂ ಇಲ್ಲಿಲ್ಲ, ಈ ನಂಬರು ನಂದು. ಇನ್ನೊಂದ್ ಸಲ ಮಾಡಿದ್ರೆ ಪೊಲೀಸ್ರಿಗೆ ಹೇಳ್ತೀನಿ" ಎಂದು ಇಟ್ಟುಬಿಟ್ಟಳು. ಆ ನಂಬರಿಗೆ ಸೈಕಾಲ್ ಫೋನ್ ಮಾಡಿದ್ದು ಅದು ಮೂರನೇ ಸಲ.

ಸೈಕಾಲ್ ಬಿಷ್ಕೆಕ್‌ನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾಕ್ಟರು. ಆದರೆ ಅವಳ ಕೆಲಸ ರೋಗಿಗಳ ಜೊತೆಗಲ್ಲ, ಅವರ ಮೈಯಿಂದ ಕತ್ತರಿಸಿ ತೆಗೆದ ತುಣುಕುಗಳ ಜೊತೆಗೆ. ತುಣುಕನ್ನು ಮೇಣದಲ್ಲಿ ಅಚ್ಚು ಹೊಯ್ದು, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ನೋಡಿ ಇದು ಇಂಥ ರೋಗ ಎಂದು ಬರೆದುಕೊಡುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಅದರಲ್ಲಿ ಕಿವಿಯ ಕಾಲುವೆಯೊಳಗೆ ಹುಟ್ಟುವ ಕ್ಯಾನ್ಸರ್ ಎಷ್ಟು ಅಪರೂಪವೆಂದರೆ, ಕಳೆದ ಹದಿನಾಲ್ಕು ವರ್ಷದಲ್ಲಿ ಇಡೀ ದೇಶದಿಂದ ಅವಳ ಮೇಜಿಗೆ ಬಂದದ್ದು ಬರೀ ಇಪ್ಪತ್ತೇಳು ಕಿವಿಗಳು.

ಅವಳನ್ನು ಕೊರೆಯುತ್ತಿದ್ದುದು ಒಂದೇ ಪ್ರಶ್ನೆ. ಗಾಜಿನ ಮೇಲೆ ಎರಡು ತುಣುಕುಗಳು ಅವಳಿಗಳಂತೆ ಕಾಣುತ್ತವೆ, ಒಬ್ಬ ಹತ್ತು ವರ್ಷ ಬದುಕುತ್ತಾನೆ, ಇನ್ನೊಬ್ಬ ಹತ್ತು ತಿಂಗಳಿಗೆ ಹೋಗುತ್ತಾನೆ. ಯಾರು ಯಾರೆಂದು ಮೊದಲೇ ತಿಳಿದರೆ ಒಬ್ಬನಿಗೆ ಕಾಲುವೆಯ ಚರ್ಮ ಮಾತ್ರ ತೆಗೆದು ಬಿಡಬಹುದು, ಇನ್ನೊಬ್ಬನಿಗೆ ಮೂಳೆಯ ಸಮೇತ ತೆಗೆಯಬಹುದು. ಗೆಡ್ಡೆಯ ಅಂಚಿನ ಜೀವಕೋಶಗಳಲ್ಲಿ ಕೆಲವೊಮ್ಮೆ ಸೇರಿಕೊಳ್ಳುವ ಒಂದು ಪ್ರೋಟೀನ್ ಇದನ್ನು ಹೇಳೀತು ಎಂಬ ಗುಮಾನಿ ಅವಳಿಗಿತ್ತು. ಅದಿದ್ದ ಕಡೆ ಕಂದು ಬಣ್ಣ ಹಿಡಿಯುವ ದ್ರಾವಣವನ್ನು ಹೊರದೇಶದಿಂದ ತರಿಸಬೇಕು. ಮೊದಲ ಶೀಸೆ ಸುಂಕದವರ ಗೋದಾಮಿನಲ್ಲಿ ಜುಲೈ ಬಿಸಿಲಿಗೆ ಹದಿನೇಳು ದಿನ ಕೂತು ಕೆಟ್ಟುಹೋಯಿತು. ಎರಡನೆಯದು ಬರುವಷ್ಟರಲ್ಲಿ ಇನ್ನೊಂದು ವರ್ಷ ಕಳೆದಿತ್ತು.

ಲ್ಯಾಬಿನಲ್ಲಿ ಮೇಣ ಹೆರೆಯುತ್ತಿದ್ದವಳು ರಾಯಿಸಾ ಪೆತ್ರೋವ್ನಾ. ಅರವತ್ತೇಳು ವರ್ಷದ ರಷ್ಯನ್ ಮುದುಕಿ, ನಿವೃತ್ತಿಯಾದ ಮೇಲೂ ಮನೆಯಲ್ಲಿ ಕೂರಲಾರದೆ ಬರುತ್ತಿದ್ದಳು. ಇಪ್ಪತ್ತೇಳಕ್ಕೂ ಅವಳೇ ಬಣ್ಣ ಹಾಕಿದಳು. ಹದಿನಾರರಲ್ಲಿ ಕಂದು ಇರಲೇ ಇಲ್ಲ, ಇದ್ದರೂ ಎಳ್ಳಷ್ಟು. ಹನ್ನೊಂದರಲ್ಲಿ ಅಂಚೆಲ್ಲ ಕಂದು. ಅದರಲ್ಲೂ ಹತ್ತೊಂಬತ್ತನೇ ನಂಬರಿನದು ಚಹಾ ಚೆಲ್ಲಿದ ಮೇಜುಬಟ್ಟೆಯ ಹಾಗಿತ್ತು.

"ಇವನು ಹೆಚ್ಚು ದಿನ ಇದ್ದಿರಲಾರ, ಸೈಕಾಲ್ ಎಸೆನೊವ್ನಾ" ಎಂದಳು ರಾಯಿಸಾ, ಗಾಜನ್ನು ಬೆಳಕಿಗೆ ಹಿಡಿದು.

"ಅದನ್ನ ನೀವು ಹೇಳಿದ್ರೆ ಆಗಲ್ಲ. ಅವರೇ ಹೇಳಬೇಕು."

ಗಂಟು ಬಿದ್ದದ್ದು ಅಲ್ಲೇ. ಯಾರು ಸಾಯುತ್ತಾರೆ ಎಂದು ಗಾಜು ಹೇಳುತ್ತದೋ ಇಲ್ಲವೋ ತಿಳಿಯಲು ಮೊದಲು ಯಾರು ಸತ್ತಿದ್ದಾರೆ ಎಂದು ತಿಳಿಯಬೇಕು. ಇಪ್ಪತ್ತೇಳು ಜನರಲ್ಲಿ ಒಂಬತ್ತು ಮಂದಿ ಆಸ್ಪತ್ರೆಯ ಬಾಗಿಲು ದಾಟಿದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಜನನ ಮರಣ ದಾಖಲೆಯ ಕಚೇರಿಯಲ್ಲಿ ಕಿಟಕಿಯಾಚೆ ಕೂತವಳು ಪಟ್ಟಿಯ ಮೇಲೆ ಕಣ್ಣಾಡಿಸಿ, "ಸತ್ತಿದ್ದಾರೆ ಅಂತ ಬರೆದಿಲ್ಲ ಅಂದ್ಮೇಲೆ ಬದುಕಿದ್ದಾರೆ ಅಂತ ತಾನೆ?" ಎಂದು ಪಟ್ಟಿ ವಾಪಸು ಕೊಟ್ಟಳು. ಚಳಿಗಾಲವೆಲ್ಲ ಸೈಕಾಲ್ ಫೋನ್ ಹಿಡಿದು ಕೂತಳು. ಒಬ್ಬನ ಹೆಂಡತಿ ಮಾಸ್ಕೋದಲ್ಲಿ ಸಿಕ್ಕಳು, ಇನ್ನೊಬ್ಬ ರೋಗಿ, ಓಶ್ ಪೇಟೆಯಲ್ಲಿ ವ್ಯಾಪಾರ ಮಾಡುವವಳು, ಸ್ವತಃ ಫೋನೆತ್ತಿ "ನಾನು ಗುಂಡುಕಲ್ಲಿನ ಹಾಗಿದ್ದೀನಿ" ಅಂದಳು. ಹೀಗೆ ಎಂಟು ಜನರ ಕತೆ ತಿಳಿಯಿತು. ಎಲ್ಲವೂ ಗಾಜು ಹೇಳಿದಂತೆಯೇ ಇತ್ತು. ಉಳಿದವನು ಆ ಹತ್ತೊಂಬತ್ತನೆಯವನೊಬ್ಬನೇ. ಶೇರ್ಗಾಜಿ, ಕುರಿಗಾಹಿ, ಅಟ್‌ಬಾಶಿ ಕಡೆಯವನು, ಆರು ವರ್ಷದ ಹಿಂದೆ ಜೂನ್‌ನಲ್ಲಿ ಎಡಗಿವಿ ತೆಗೆಸಿಕೊಂಡು ಹೋದವನು. ಅವನ ನಂಬರಿನಲ್ಲಿದ್ದವಳೇ ಪೊಲೀಸರ ಹೆಸರು ಹೇಳಿದವಳು.

ದಾಖಲೆಯ ಪ್ರಕಾರ ಶೇರ್ಗಾಜಿ ಬದುಕಿದ್ದ. ಅವನು ನಿಜಕ್ಕೂ ಬದುಕಿದ್ದರೆ ಇಷ್ಟು ಚಿಕ್ಕ ಪಟ್ಟಿಯಲ್ಲಿ ಅವನೊಬ್ಬನೇ ಸಾಕು, ಇಡೀ ಲೆಕ್ಕ ಉಲ್ಟಾ ಹೊಡೆಯಲು.

"ಬಿಟ್ಟಾಕು ಅವನನ್ನ" ಎಂದರು ಕುಬಾನ್. ಆ ಕಿವಿಗಳಲ್ಲಿ ಹೆಚ್ಚಿನವನ್ನು ಕೊಯ್ದಿದ್ದ ಸರ್ಜನ್ ಅವರೇ. "ಸಿಗಲಿಲ್ಲ ಅಂತ ಬರಿ. ಇಪ್ಪತ್ತಾರು ಸಾಲದಾ?"

"ಬಿಟ್ರೆ ಉಳಿದೋರೆಲ್ಲ ನಂಗೆ ಬೇಕಾದ್ದನ್ನೇ ಹೇಳ್ತಾರೆ ಬಾಯ್ಕೆ. ಅದಕ್ಕೇ ಬಿಡಕ್ಕಾಗ್ತಿಲ್ಲ" ಎಂದಳು ಸೈಕಾಲ್. ಹಿರಿಯ ಗಂಡಸರಿಗೆ ಅಲ್ಲಿ ಬಾಯ್ಕೆ ಎನ್ನುತ್ತಾರೆ, ಹೆಂಗಸರಿಗೆ ಏಜೆ.

"ಹಾಗಾದ್ರೆ ಹೋಗು, ಅವನ ಕುರಿ ಎಣಿಸ್ಕೊಂಡು ಬಾ" ಎಂದು ಕುಬಾನ್ ಚಹಾ ಹೀರಿದರು.

ಅವಳು ನಿಜವಾಗಿಯೂ ಹೊರಟಳು. ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಇತರ ಮೂವರೊಡನೆ ಇರುಕಿಕೊಂಡು, ದೋಲೋನ್ ಘಟ್ಟ ಹತ್ತಿ ಇಳಿದು, ನರೀನ್‌ನಲ್ಲಿ ಕಾರು ಬದಲಿಸಿ, ಹಳ್ಳಿ ತಲುಪುವಾಗ ಮಧ್ಯಾಹ್ನ ಎರಡು ಗಂಟೆ. ಶೇರ್ಗಾಜಿಯ ಮನೆ ಯಾವುದು ಎಂದು ಅಂಗಡಿಯವಳನ್ನು ಕೇಳಿದಾಗ ಅವಳು "ನೀವ್ಯಾರು?" ಎಂದಳು. ಆಸ್ಪತ್ರೆಯಿಂದ ಎಂದ ಮೇಲೆ ನೀಲಿ ಗೇಟು ತೋರಿಸಿದಳು. ಸೈಕಾಲ್ ಗೇಟು ತಲುಪುವ ಮೊದಲೇ ಸುದ್ದಿ ಒಳಗೆ ಹೋಗಿತ್ತೆಂದು ಕಾಣುತ್ತದೆ. ಮನೆಯಾಕೆ ಬುರುಲ್ ಅಂಗಳದಲ್ಲೇ ನಿಂತಿದ್ದಳು.

"ಇದ್ದಾರೆ, ಇದ್ದಾರೆ" ಎಂದಳು ಕೇಳುವ ಮುಂಚೆಯೇ. "ಮೇಲೆ ಹುಲ್ಲುಗಾವಲಿಗೆ ಹೋಗಿದ್ದಾರೆ. ನೀವು ಸುಮ್ನೆ ಕಾಯೋದ್ಯಾಕೆ, ಚೆನ್ನಾಗಿದ್ದಾರೆ ಅಂತ ಬರ್ಕೊಳ್ಳಿ."

"ಕಣ್ಣಾರೆ ನೋಡಿ ಹೋಗ್ತೀನಿ ಏಜೆ. ಅಷ್ಟು ದೂರದಿಂದ ಬಂದಿದೀನಿ."

ಬುರುಲ್‌ಗೆ ವಿಧಿಯಿರಲಿಲ್ಲ. ಮೇಜಿನ ಮೇಲೆ ರೊಟ್ಟಿ, ಕೆನೆ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಜಾಮು ಎಲ್ಲ ಬಂತು. ಹಾಲು ಹಾಕಿದ ಚಹಾ ಅರ್ಧರ್ಧ ಬಟ್ಟಲು ಸುರಿಯುತ್ತಲೇ ಹೋದಳು. ಸೈಕಾಲ್ ಏಳು ಬಟ್ಟಲು ಕುಡಿದಳು. ಎರಡು ಗಂಟೆಯಾದ ಮೇಲೆ ಅಂಗಳದಲ್ಲಿ ಕುದುರೆಯ ಗೊರಸಿನ ಸದ್ದಾಯಿತು. ಒಳಬಂದ ಗಂಡಸಿಗೆ ಅರವತ್ತರ ಹತ್ತಿರ. ತೆಳ್ಳನೆ ಅಂಗಿ, ತೋಳು ಮಡಚಿದೆ. ತಲೆಗೆ ಮಾತ್ರ ಕಿವಿಯೆರಡನ್ನೂ ಮುಚ್ಚಿ ಗದ್ದದ ಕೆಳಗೆ ಗಂಟು ಹಾಕಿದ ನರಿ ತುಪ್ಪಳದ ಟೋಪಿ. ಕೆನ್ನೆಯ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ನೀವೇನಾ ಶೇರ್ಗಾಜಿ ಬಾಯ್ಕೆ?"

"ನಾನೇ."

"ಆರೋಗ್ಯ?"

"ಕುದುರೆ ಇದ್ದಂಗಿದೀನಿ."

"ಕಿವಿ ಕೇಳ್ಸುತ್ತಾ?"

"ಚೆನ್ನಾಗ್ ಕೇಳ್ಸುತ್ತೆ."

"ಎರಡೂ?"

"ಎರಡೂ" ಎಂದವನು ಬುರುಲ್ ಮುಖ ನೋಡಿ, "ಒಂದ್ ಸ್ವಲ್ಪ ಕಮ್ಮಿ" ಎಂದ.

"ಟೋಪಿ ತೆಗೀರಿ, ಗಾಯ ನೋಡ್ತೀನಿ."

"ತಲೆಗೆ ಶೀತ ಆಗುತ್ತೆ."

"ಜೂನ್ ತಿಂಗಳಲ್ಲಿ?"

"ನಮ್ಮ ಕಡೆ ಜೂನೂ ಶೀತಾನೇ" ಎಂದು ಅವನು ಬೆವರು ಒರೆಸಿಕೊಂಡ. ಸೈಕಾಲ್ ಕೈಕಟ್ಟಿ ಕೂತೇ ಇದ್ದಳು. ಬುರುಲ್ ನಿಟ್ಟುಸಿರು ಬಿಟ್ಟು, "ತೆಗಿ ಸತಾರ್. ಬೆಂದ್ ಹೋಗ್ತೀಯ" ಎಂದಳು. ಗಂಟು ಬಿಚ್ಚಿದಾಗ ಕಂಡದ್ದು ದೊಡ್ಡ ದೊಡ್ಡ, ಕೆಂಪಗೆ ಬೆಂದ, ನೆಟ್ಟಗಿನ ಎರಡು ಕಿವಿ.

ಸೈಕಾಲ್‌ಗೆ ಸಿಟ್ಟು ಬರಬೇಕಿತ್ತು, ನಗು ಬಂತು. "ಕುಬಾನ್ ಬಾಯ್ಕೆ ಬುಡಸಮೇತ ಕೊಯ್ದ ಕಿವಿ ಇಷ್ಟು ಸೊಂಪಾಗಿ ಬೆಳೆದಿದೆ ಅಂದ್ರೆ ನಾನು ಬರೀಬೇಕಾದ್ದೇ ಬೇರೆ."

ಸತಾರ್ ಶೇರ್ಗಾಜಿಯ ತಮ್ಮ. ಅವನೂ ನಕ್ಕ. ಆಮೇಲೆ ಯಾರೂ ನಗಲಿಲ್ಲ.

"ಅವರು ಹೋದಾಗ ನೂರೂಜ್ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು" ಎಂದು ಬುರುಲ್ ಶುರು ಮಾಡಿದಳು. "ಆಪರೇಷನ್ ಆದ ಮುಂದಿನ ಮಾರ್ಚು. ಒಂಬತ್ತೇ ತಿಂಗಳು. ಬೇಸಿಗೆಯೆಲ್ಲ ಚೆನ್ನಾಗೇ ಇದ್ರು. ಹಿಮ ಬಿದ್ದ ಮೇಲೆ ಕಿವಿ ಇದ್ದ ಜಾಗ ಒಳಗಿಂದ ನೋಯಕ್ಕೆ ಶುರುವಾಯ್ತು. ರಸ್ತೆ ಮುಚ್ಚಿತ್ತು, ಮಾತ್ರೆ ಮುಗೀತು. ಗೋಡೆಗೆ ತಲೆ ಒತ್ತಿಕೊಂಡು ಕೂತಿರೋರು, ಜಗ್ಗಾಡಿದ್ರೂ ಬರ್ತಿರಲಿಲ್ಲ. ರಸ್ತೆ ಬಿಟ್ಟ ಮೇಲೆ ನರೀನ್ ಆಸ್ಪತ್ರೆಗೆ ಹಾಕಿದ್ವಿ, ಮೂಳೇಲಿ ಕೂತಿದೆ ಅಂದ್ರು ಅಲ್ಲಿನ ಡಾಕ್ಟ್ರು. ಮೊದಲೇ ಗೊತ್ತಿದ್ರೆ ಮೂಳೇನೂ ತೆಗೀರಿ ಅಂತ ನಾನೇ ಕಾಲು ಹಿಡೀತಿದ್ದೆ. ಕುರಿ ಈಯೋ ಕಾಲಕ್ಕೆ ಮನೆಗೆ ಹೋಗಬಹುದು ಅಂದ್ರು ಆ ಡಾಕ್ಟ್ರು, ಕರ್ಕೊಂಡ್ ಬಂದ್ವಿ."

ಸೈಕಾಲ್ ಪುಸ್ತಕ ತೆರೆದು ತಾರೀಖು ಬರೆದುಕೊಂಡಳು. ಹಬ್ಬ ಇಪ್ಪತ್ತೊಂದಕ್ಕೆ, ಅಂದರೆ ಮಾರ್ಚ್ ಹನ್ನೊಂದು. ಗಾಜು ಹೇಳಿದ್ದು ಸರಿಯಿತ್ತು. ಒಬ್ಬ ಮನುಷ್ಯ ಗೋಡೆಗೆ ತಲೆ ಒತ್ತಿ ಸತ್ತದ್ದಕ್ಕೆ ತನ್ನೆದೆಯಲ್ಲಿ ಏನೋ ಹಗುರವಾದದ್ದು ಅವಳಿಗೇ ಅಸಹ್ಯವೆನಿಸಿತು.

"ದಾಖಲೆ ಯಾಕೆ ಮಾಡಿಸಲಿಲ್ಲ?"

ಮಾತಾಡಿದ್ದು ಸತಾರ್. ಕಣಿವೆಯ ಚಳಿಗಾಲದ ಕುರಿದೊಡ್ಡಿ, ಅದರ ಸುತ್ತಲ ಹುಲ್ಲು, ಎಲ್ಲ ಸರ್ಕಾರದ್ದು. ಶೇರ್ಗಾಜಿಯ ಹೆಸರಿಗೆ, ಅವನ ಜೀವ ಇರುವವರೆಗೆ ಎಂದು ಬರೆದುಕೊಟ್ಟದ್ದು. ಹೆಸರು ಹೋದರೆ ಹುಲ್ಲುಗಾವಲು ಸಮಿತಿಯ ಅಧ್ಯಕ್ಷ ತನ್ನ ಅಳಿಯನಿಗೆ ಕೊಡಲು ತುದಿಗಾಲಲ್ಲಿ ನಿಂತಿದ್ದಾನೆ.

"ಹಾಗಾದ್ರೆ ಊರಲ್ಲಿ ಯಾರಿಗೂ ಗೊತ್ತಿಲ್ವಾ?"

"ಊರಿಗೆಲ್ಲ ಗೊತ್ತು" ಎಂದಳು ಬುರುಲ್. "ಸತ್ತ ನಲವತ್ತನೇ ದಿನದ ಊಟಕ್ಕೆ ಅಧ್ಯಕ್ಷನೂ ಬಂದು ಮಾಂಸ ತಿಂದು ಹೋದ. ಕಾಗದಕ್ಕೆ ಮಾತ್ರ ಗೊತ್ತಿಲ್ಲ. ತಾನೇ ಹೋಗಿ ಹೇಳಿದ್ರೆ ಊರೋರು ಉಗೀತಾರೆ ಅಂತ ಕಾಗದಕ್ಕೆ ಗೊತ್ತಾಗೋ ತನಕ ಅವನೂ ಬಾಯಿ ಬಿಡಂಗಿಲ್ಲ, ನಾವೂ ಬಿಡಂಗಿಲ್ಲ."

ಸೈಕಾಲ್ ಒಂದು ಸಹಿ ಕೇಳಿದಳು. ಗಂಡ ಇಂಥ ದಿನ ಸತ್ತ ಎಂದು ಎರಡು ಸಾಲು, ಅಷ್ಟೆ. ಕಾಗದ ಆಸ್ಪತ್ರೆಯ ಕಪಾಟು ಬಿಟ್ಟು ಹೋಗುವುದಿಲ್ಲ ಎಂದಳು.

"ಕಾಗದ ಯಾವತ್ತೂ ಇಟ್ಟ ಕಡೆ ಇರಲ್ಲ ತಂಗಿ."

"ಏಜೆ, ಇದರಿಂದ ನಾಳೆ ಇನ್ನೊಬ್ಬರ ಗಂಡ ಉಳೀಬಹುದು. ಅವರು ಸತ್ತಿದ್ದು ಯಾರ ಉಪಯೋಗಕ್ಕಾದ್ರೂ ಬರಲಿ ಅಂತ ನಿಮಗೆ ಅನ್ಸಲ್ವಾ?"

"ಬರ್ತಿದೆಯಲ್ಲ" ಎಂದಳು ಬುರುಲ್, ದನಿ ಏರಿಸದೆ. "ಎಂಬತ್ತು ಕುರಿಗೆ."

ಸೈಕಾಲ್ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಹೊರಡುವಾಗ ಬುರುಲ್ ಅವಳನ್ನು ದಿಬ್ಬದ ಮೇಲಿನ ಸ್ಮಶಾನಕ್ಕೆ ಕರೆದೊಯ್ದಳು. ಮಣ್ಣಿಟ್ಟಿಗೆಯ ಚೌಕದೊಳಗೆ ಒಂದು ಗುಡ್ಡೆ. ಹೆಸರಿನ ಕಲ್ಲು ಇರಲಿಲ್ಲ. ಇಬ್ಬರೂ ಪ್ರಾರ್ಥನೆ ಮುಗಿಸಿ ಅಂಗೈ ಮುಖಕ್ಕೆ ಸವರಿಕೊಂಡರು. "ಯಾರಿಗೂ ಹೇಳಲ್ಲ" ಎಂದು ಸೈಕಾಲ್, ಬುರುಲ್ ಕೇಳದಿದ್ದರೂ, ಮಾತು ಕೊಟ್ಟಳು. ಕೊಟ್ಟ ಮೇಲೆ ನರೀನ್ ತನಕ ಹಲ್ಲು ಕಚ್ಚಿಕೊಂಡೇ ಬಂದಳು.

ಸಂಶೋಧನೆಗೆ ಮುದ್ರೆ ಒತ್ತುವ ಸಮಿತಿಯ ಕಾರ್ಯದರ್ಶಿಯನ್ನು ಅವಳು ಸುತ್ತುಬಳಸಿ ಕೇಳಿದಳು. ಒಬ್ಬ ರೋಗಿ ಸತ್ತದ್ದು ವೈದ್ಯರಿಗೆ ಖಚಿತವಾಗಿ ಗೊತ್ತು, ಕಾಗದ ಮಾತ್ರ ಇಲ್ಲ, ಆಗೇನು?

"ಕಾಗದ ಇದ್ರೆ ಸತ್ತ, ಇಲ್ದಿದ್ರೆ ಬದುಕಿದ್ದಾನೆ" ಎಂದ ಕಾರ್ಯದರ್ಶಿ. "ಯಾರಪ್ಪಾ ಅದು?"

"ಯಾರೂ ಇಲ್ಲ. ಸುಮ್ನೆ ಕೇಳಿದೆ."

ಹತ್ತೊಂಬತ್ತನೆಯವನ ಹೆಸರಿನ ಮುಂದೆ, ಆಸ್ಪತ್ರೆಯಿಂದ ಹೋದ ದಿನದವರೆಗೆ ಬದುಕಿದ್ದ, ಮುಂದೆ ತಿಳಿಯದು ಎಂದು ಅವಳು ಬರೆದಳು. ತಿಳಿದಿತ್ತು. ಬರೆಯುವಾಗ ಪೆನ್ನು ಕಾಗದಕ್ಕೆ ಚುಚ್ಚಿತು. ಲೆಕ್ಕ ಹಾಕಿದಾಗ ಉತ್ತರ, ಇದು ಆಕಸ್ಮಿಕವಲ್ಲ ಎನ್ನಲು ದಾಟಬೇಕಾದ ಗೆರೆಯ ಈಚೆಗೆ ಕೂದಲೆಳೆಯಷ್ಟರಲ್ಲಿ ನಿಂತಿತು. ಅವನನ್ನು ಸತ್ತವರಲ್ಲಿ ಸೇರಿಸಿದ್ದರೆ ದಾಟುತ್ತಿತ್ತು. ಅದನ್ನೇ ಪೇಪರು ಬರೆದು ಕಳಿಸಿದಾಗ ವೈದ್ಯಕೀಯ ಪತ್ರಿಕೆಯವರು ಐದು ತಿಂಗಳು ಇಟ್ಟುಕೊಂಡು ನಾಲ್ಕು ಸಾಲಿನಲ್ಲಿ ವಾಪಸು ಕಳಿಸಿದರು: ವಿಷಯ ಕುತೂಹಲದ್ದು, ರೋಗಿಗಳು ತೀರ ಕಡಿಮೆ, ಕಂಡ ವ್ಯತ್ಯಾಸ ಆಕಸ್ಮಿಕವಿರಬಹುದು, ಇನ್ನಷ್ಟು ಜನರನ್ನು ಸೇರಿಸಿ.

"ಇನ್ನಷ್ಟು ಜನಾನಾ" ಎಂದಳು ರಾಯಿಸಾ. "ಹದಿನಾಲ್ಕು ವರ್ಷಕ್ಕೆ ಇಪ್ಪತ್ತೇಳು. ಇನ್ನಿಪ್ಪತ್ತೇಳು ಬರೋ ಹೊತ್ತಿಗೆ ನನ್ನನ್ನೇ ಮೇಣದಲ್ಲಿ ಹೊಯ್ದಿರ್ತೀರ."

ಸೈಕಾಲ್ ಆ ಪತ್ರವನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟಳು. ಎರಡು ವಾರ ಆ ಗಾಜುಗಳ ಕಪಾಟು ತೆರೆಯಲಿಲ್ಲ.

ಫೆಬ್ರವರಿಯಲ್ಲಿ ಕುಬಾನ್ ಒಂದು ಚಿಕ್ಕ ತುಣುಕು ಕಳಿಸಿದರು. ಗುಲಾಯಿಮ್ ಎಂಬ ಮೂವತ್ತೆಂಟರ ಹೆಂಗಸು, ಊರಾಚೆಯ ಹೊಲಿಗೆ ಕಾರ್ಖಾನೆಯಲ್ಲಿ ಉಡುಪು ಹೊಲಿಯುವವಳು. ವರ್ಷದಿಂದ ಬಲಗಿವಿ ಸೋರುತ್ತಿತ್ತು, ಔಷಧಿ ಅಂಗಡಿಯ ಹನಿ ಹಾಕಿಕೊಂಡು ಕಳೆದಿದ್ದಳು. ಅದೇ ಕ್ಯಾನ್ಸರ್. ಸ್ಕ್ಯಾನಿನಲ್ಲಿ ಮೂಳೆ ಶುಭ್ರ. ರಾಯಿಸಾ ಯಾರೂ ಹೇಳದೆಯೇ ಉಳಿದಿದ್ದ ದ್ರಾವಣ ಹಾಕಿ ಗಾಜು ತಂದಿಟ್ಟಳು. ಅಂಚು ಪೂರ್ತಿ ಕಂದು.

"ಪೇಪರ್ ಕತೆ ಬಿಡು" ಎಂದರು ಕುಬಾನ್. "ಸ್ಕ್ಯಾನ್ ನೋಡಿದ್ರೆ ಚರ್ಮ ತೆಗೆದು ಬಿಡಬೇಕು. ಮೂಳೆಗೆ ಕೈ ಹಾಕಿದ್ರೆ ಮುಖದ ನರ ಉಳಿಯುತ್ತೆ ಅನ್ನೋ ಭರವಸೆ ಇಲ್ಲ. ನೀನೇನಂತೀಯ?"

"ನಾನು ಅನ್ನಕ್ಕೆ ನನ್ನ ಹತ್ರ ಏನಿದೆ?"

"ಅದು ನಂಗೂ ಗೊತ್ತು. ಆದ್ರೂ ಕೇಳ್ತಿದೀನಿ."

ಅವಳು ಮೂರನೇ ಮಹಡಿಯ ವಾರ್ಡಿಗೆ ಹತ್ತಿದಳು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಹತ್ತಿದ್ದು ಬೆರಳೆಣಿಕೆಯಷ್ಟು ಸಲ. ಗುಲಾಯಿಮ್ ಮಂಚದ ಮೇಲೆ ಕೂತು ಪಕ್ಕದವಳ ಗೌನಿನ ಅಂಚು ಹೊಲಿಯುತ್ತಿದ್ದಳು. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ. ಸೈಕಾಲ್ ಎಲ್ಲವನ್ನೂ ಹೇಳಿದಳು: ಕಂದು ಬಣ್ಣ, ಇಪ್ಪತ್ತೇಳು ಜನ, ತಿರುಗಿ ಬಂದ ಪೇಪರು. ಹೆಸರು ಊರು ಬಿಟ್ಟು, ಒಂಬತ್ತು ತಿಂಗಳಿಗೆ ಹೋದ ಒಬ್ಬ ಕುರಿಗಾಹಿಯ ವಿಷಯವನ್ನೂ ಹೇಳಿದಳು.

ಗುಲಾಯಿಮ್ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಅಂದ್ರೆ ನಿಮ್ಮ ಹತ್ರ ಪುರಾವೆ ಇಲ್ಲ."

"ಇಲ್ಲ."

"ಪುರಾವೆ ಇಲ್ದೆ ಯಾಕೆ ಬಂದ್ರಿ ಏಜೆ? ನಾನು ಚರ್ಮ ತೆಗೆಸ್ಕೊಂಡು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ."

ದಿಂಬಿನಿಂದ ಜಾರಿದ ಒಂದು ಸೂಜಿಯನ್ನು ಸೈಕಾಲ್ ಎತ್ತಿ ಮತ್ತೆ ಚುಚ್ಚಿದಳು.

"ಆ ಕುರಿಗಾಹಿ, ತುಂಬ ನೋವು ತಿಂದ್ನಾ?"

"ತಿಂದರು."

ಎರಡು ದಿನ ಗುಲಾಯಿಮ್ ವಾರ್ಡಿನವರ ಗೌನುಗಳನ್ನೆಲ್ಲ ಹೊಲಿದಳು. ಮೂರನೇ ದಿನ ಕುಬಾನರಿಗೆ, "ಮೂಳೇನೂ ತೆಗೀರಿ" ಎಂದಳು.

ಆಪರೇಷನ್ ಹನ್ನೊಂದು ಗಂಟೆ ಹಿಡಿಯಿತು. ನರ ಉಳಿಯಲಿಲ್ಲ. ತೆಗೆದ ಮೂಳೆ ಸೈಕಾಲ್ ಮೇಜಿಗೆ ಬಂತು. ಮೂಳೆಯನ್ನು ಹಾಗೇ ಹೆರೆಯಲಾಗುವುದಿಲ್ಲ, ಆಮ್ಲದಲ್ಲಿ ನೆನೆಸಿ ಮೆತ್ತಗಾಗಿಸಬೇಕು. ಮೂರು ವಾರ ಅವಳು ದಿನಾ ಬೆಳಿಗ್ಗೆ ಬಂದು ಆ ಡಬ್ಬಿ ನೋಡುತ್ತಿದ್ದಳು. ಒಳಗೆ ಒಂದೇ ಒಂದು ಗುಂಪು ಕೆಟ್ಟ ಕೋಶ ಸಿಕ್ಕರೆ ಸಾಕು, ಸ್ಕ್ಯಾನಿಗೆ ಕಾಣದ್ದು ಗಾಜಿಗೆ ಕಂಡಿತ್ತು ಎಂದು ಹೇಳಬಹುದು, ಆ ಹೆಂಗಸಿನ ಮುಖ ಸುಮ್ಮನೆ ಹೋಗಲಿಲ್ಲ ಎನ್ನಬಹುದು. ರಾಯಿಸಾ ಆ ಮೂಳೆಯಿಂದ ನೂರಾ ನಲವತ್ತು ಗಾಜು ಮಾಡಿದಳು. ಸೈಕಾಲ್ ನೂರಾ ನಲವತ್ತನ್ನೂ ನೋಡಿದಳು. ಮಾರನೆಯ ದಿನ ಮೊದಲಿಂದ ಇನ್ನೊಮ್ಮೆ ನೋಡಿದಳು. ಏನೂ ಇರಲಿಲ್ಲ. ಮೂಳೆ ಅಪ್ಪಟ ಶುದ್ಧವಾಗಿತ್ತು.

"ಅಲ್ಲಿಗೆ ಹೋಗೋ ಮುಂಚೆನೇ ಹಿಡಿದ್ವಿ ಅಂತ ಇಟ್ಕೋ" ಎಂದರು ಕುಬಾನ್.

"ಅಥವಾ ಅಲ್ಲಿಗೆ ಹೋಗ್ತಾನೇ ಇರಲಿಲ್ಲ ಅಂತ."

"ಅದೂ ಆಗಬಹುದು" ಎಂದು ಅವರು ಕೋಟು ಹಾಕಿಕೊಂಡು ಹೊರಟರು.

ಎರಡು ವರ್ಷ ಕಳೆದ ಮೇಲೆ, ಮಾಮೂಲು ತಪಾಸಣೆಗೆ ಬಂದ ಗುಲಾಯಿಮ್ ತಾನಾಗಿಯೇ ನೆಲಮಹಡಿಯ ಲ್ಯಾಬಿಗೆ ಇಳಿದುಬಂದಳು. ರೋಗ ಮರಳಿರಲಿಲ್ಲ. ಬಲಗೆನ್ನೆ ಜೋತುಬಿದ್ದಿತ್ತು, ಮುಚ್ಚದ ಕಣ್ಣಿಗೆ ಪಟ್ಟಿ, ತಲೆಗೆ ಓರೆಯಾಗಿ ಕಟ್ಟಿದ ಹೂವಿನ ರುಮಾಲು.

"ಆ ಮೂಳೇಲಿ ಏನಿತ್ತು ಅಂತ ಯಾರೂ ಹೇಳ್ತಿಲ್ಲ" ಎಂದಳು. ಅರ್ಧ ತುಟಿಯಿಂದ ಬಂದ ಮಾತು ಬಿಡಿಸಿಕೊಳ್ಳಲು ಸೈಕಾಲ್‌ಗೆ ಒಂದು ಕ್ಷಣ ಬೇಕಾಯಿತು. "ಕುಬಾನ್ ಡಾಕ್ಟ್ರು ಬದುಕಿದೀಯಲ್ಲ ಅಂತಾರೆ. ನೀವು ಹೇಳಿ."

"ಏನೂ ಇರಲಿಲ್ಲ."

ಗುಲಾಯಿಮ್ ಗೋಡೆಗೊರಗಿದಳು. ರಾಯಿಸಾ ಹೆರೆಯುವ ಯಂತ್ರ ನಿಲ್ಲಿಸಿ ಕುರ್ಚಿ ತಂದಿಟ್ಟಳು, ಅವಳು ಕೂರಲಿಲ್ಲ.

"ಸೂಜಿ ಬಾಯಲ್ಲಿ ನಿಲ್ಲಲ್ಲ ಈಗ" ಎಂದಳು. "ಉದುರುತ್ತೆ. ಜೊತೆಯೋರು ನೋಡಬಾರ್ದು ಅಂತ ಮೂಲೆ ಮಿಷನ್ ಹಿಡ್ಕೊಂಡಿದೀನಿ. ತೆಗೆಸ್ದೆ ಇದ್ದಿದ್ರೆ ಸಾಯ್ತಿದ್ನಾ?"

"ಗೊತ್ತಿಲ್ಲ."

"ಯಾವತ್ತಾದ್ರೂ ಗೊತ್ತಾಗುತ್ತಾ?"

"ನಿಮ್ಮ ವಿಷಯದಲ್ಲಿ ಗೊತ್ತಾಗಲ್ಲ. ಇನ್ನೂ ತುಂಬ ಜನದ್ದು ನೋಡಿದ್ರೆ ಬೇರೆಯವರ ವಿಷಯದಲ್ಲಿ ಗೊತ್ತಾಗಬಹುದು."

ಗುಲಾಯಿಮ್ ಒಂದೇ ಕಣ್ಣಿನಿಂದ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದು ಸೈಕಾಲ್ ಕಾದಳು, ಬೈದರೆ ಒಳ್ಳೆಯದಿತ್ತು. "ನನ್ನ ಹೆಸರಿನ ಮುಂದೆ ಏನ್ ಬರೀತೀರ?"

"ಎರಡು ವರ್ಷ, ಬದುಕಿದ್ದಾರೆ, ರೋಗ ಇಲ್ಲ."

"ಅಷ್ಟೇನಾ?"

"ಅಷ್ಟಕ್ಕೇ ಜಾಗ ಇರೋದು."

"ಹಾಗಾದ್ರೆ ಜಾಗ ಮಾಡಿ" ಎಂದು ಅವಳು ರುಮಾಲು ಕೆನ್ನೆಯ ಮೇಲೆಳೆದುಕೊಂಡು ಮೆಟ್ಟಿಲು ಹತ್ತಿದಳು. ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು.

ಸೈಕಾಲ್ ಪಟ್ಟಿ ತೆಗೆದಳು. ಇಪ್ಪತ್ತೆಂಟನೇ ಸಾಲಿನ ಕೊನೆಯಲ್ಲಿ ಅಂಚಿನ ಖಾಲಿ ಜಾಗದಲ್ಲಿ ಬಲಗೆನ್ನೆ, ಬಲಗಣ್ಣು, ತುಟಿ ಎಂದು ಬರೆದಳು. ಆಮೇಲೆ ಮೇಲಿನವರ ಸಾಲುಗಳನ್ನು ನೋಡಿದಳು. ಬದುಕಿದ್ದವರಲ್ಲಿ ಯಾರ ಮುಖ ಹೇಗಿದೆ, ಯಾರು ಏನು ಕೆಲಸ ಬಿಟ್ಟರು, ತಾನು ಯಾರನ್ನೂ ಕೇಳಿರಲಿಲ್ಲ.

"ಅದು ಲೆಕ್ಕಕ್ಕೆ ಬರಲ್ಲ, ಸೈಕಾಲ್ ಎಸೆನೊವ್ನಾ" ಎಂದಳು ರಾಯಿಸಾ, ಹೆಗಲ ಹಿಂದಿನಿಂದ ಓದಿ.

"ಗೊತ್ತು" ಎಂದು ಸೈಕಾಲ್, ಗುಂಡುಕಲ್ಲಿನ ಹಾಗಿದ್ದೀನಿ ಎಂದಿದ್ದ ಓಶ್ ಪೇಟೆಯವಳ ನಂಬರು ಒತ್ತಿದಳು.